ಗಯಾದಲ್ಲಿ ಬಿಟ್ಟದ್ದು

ನಮ್ಮ ಅಕ್ಕ ಸುಂದರಾಬಾಯಿ ಎಲೆ ಅಡಿಕೆ ಹಾಕಿಕೊಳ್ಳುವುದನ್ನು ಕಣ್ಣಾರೆ ನೋಡಿದವರಿಗೆ ಮಾತ್ರ ಅವಳು ಏನು ಬಿಟ್ಟಳು ಎಂಬುದು ತಿಳಿದೀತು. ಶಿರಹಟ್ಟಿಯ ಮನೆಯಲ್ಲಿ ಊಟವಾದ ಮೇಲೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಹಿತ್ತಾಳೆ ಡಬ್ಬಿ ತೆಗೆದು, ಎಲೆಯ ತೊಟ್ಟು ಮುರಿದು, ನಾರು ಬಿಡಿಸಿ, ಬೆನ್ನಿಗೆ ಸುಣ್ಣ ಸವರಿ, ಮಡಚಿ ದವಡೆಗೆ ಇಟ್ಟುಕೊಂಡಳೆಂದರೆ ಮುಂದಿನ ಅರ್ಧ ತಾಸು ಮನೆಗೆ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ. "ನನಗ ಬಂಗಾರ ಬ್ಯಾಡಪಾ ನರಸಿಂಹ, ಎರಡು ಹೊತ್ತು ಊಟ, ನಾಕು ಹೊತ್ತು ಎಲಿ ಇದ್ರ ಸಾಕು" ಎನ್ನುತ್ತಿದ್ದಳು. ಒಬ್ಬಳೇ ಮಗಳನ್ನು ಧಾರವಾಡಕ್ಕೆ ಕೊಟ್ಟಿದ್ದಳು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

ಗಂಡ, ಅಂದರೆ ನನ್ನ ಭಾವ ಮಾರ್ತಾಂಡರಾಯರು, ಅದೇ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಅವರ ಚಟ ಸಿಗರೇಟು. ಮಡಿಯ ಮನೆಯಲ್ಲಿ ಹೊಗೆ ಬಿಡುವ ಹಾಗಿಲ್ಲವೆಂದು ಹಿತ್ತಲ ಬಾವಿಕಟ್ಟೆಯ ಹತ್ತಿರ ನಿಂತು ಸೇದುತ್ತಿದ್ದರು. ನಾನು ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಅಲ್ಲಿಂದ ಶಿರಹಟ್ಟಿಗೆ ಬಸ್ಸಿನಲ್ಲಿ ಅರ್ಧ ತಾಸು. ವಾರಕ್ಕೊಮ್ಮೆ ಅಕ್ಕನ ಕೈಯ ಊಟ ಉಣ್ಣದಿದ್ದರೆ ನನಗೂ ಸಮಾಧಾನವಿರಲಿಲ್ಲ.

ಎಪ್ಪತ್ನಾಲ್ಕರಲ್ಲಿ ಭಾವನಿಗೆ ಸಕ್ಕರೆ ರೋಗ ಅಂತ ಗೊತ್ತಾಯಿತು. ಅದನ್ನು ಮೊದಲು ಕಂಡುಹಿಡಿದವಳು ಅಕ್ಕ. ಬಚ್ಚಲ ಮೋರಿಗೆ ಇರುವೆ ಸಾಲುಗಟ್ಟಿದ್ದನ್ನು ನೋಡಿ ಗಂಡನನ್ನು ಗದಗಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, "ಸಕ್ಕರಿ ಬಿಡಬೇಕು, ಅನ್ನ ಕಡಿಮಿ ಮಾಡಬೇಕು. ಎಲ್ಲಾಕಿಂತ ಮೊದಲ ಸಿಗರೇಟು ಬಿಡಬೇಕು. ಇಲ್ಲಂದ್ರ ಒಂದಿಲ್ಲೊಂದು ದಿವಸ ಕಾಲಿಗೆ ಬರ್ತದ" ಎಂದರು. ಭಾವನಿಗೆ ಗುಳಿಗೆಯ ಮಾತಷ್ಟೇ ಕೇಳಿಸಿತು. ಅಕ್ಕನಿಗೆ ಕಾಲಿನ ಮಾತು ಕೇಳಿಸಿತು.

ಅಂದಿನಿಂದ ಅವಳು ಮನೆಯಲ್ಲಿಯೇ ಪರೀಕ್ಷೆ ಶುರು ಮಾಡಿದಳು. ಗದಗಿನಿಂದ ಒಂದು ಬಾಟಲಿ ನೀಲಿ ಔಷಧ, ಗಾಜಿನ ನಳಿಗೆ, ಸ್ಪಿರಿಟ್ ದೀಪ ತರಿಸಿದಳು. ಪ್ರತಿ ಸೋಮವಾರ ಬೆಳಿಗ್ಗೆ ಹಿತ್ತಲಲ್ಲಿ ಕೂತು ಔಷಧಕ್ಕೆ ಗಂಡನ ಮೂತ್ರದ ಎಂಟು ಹನಿ ಹಾಕಿ ಕಾಯಿಸುತ್ತಿದ್ದಳು. ನೀಲಿಯೇ ಉಳಿದರೆ ಅಂದು ಮನೆಯಲ್ಲಿ ಹಬ್ಬ. ಹಸಿರಾದರೆ ಒಂದು ಚಪಾತಿ ಕಡಿಮೆ. ಇಟ್ಟಂಗಿ ಬಣ್ಣ ಬಂದರೆ ಎರಡು ದಿನ ಮಾತಿಲ್ಲ. ಎಲ್ಲ ಮುಗಿದ ಮೇಲೆ ತಲೆ ಮೇಲೆ ನೀರು ಹಾಕಿಕೊಂಡು ಮಡಿಯುಟ್ಟು ಅಡಿಗೆಗೆ ನಿಲ್ಲುತ್ತಿದ್ದಳು. ಮೂರನೆಯ ಇಯತ್ತೆ ಓದಿದ ಹೆಂಗಸು ಅವಳು. ನನ್ನ ಶಾಲೆಯ ವಿಜ್ಞಾನದ ಮಾಸ್ತರರಿಗೂ ಅಷ್ಟು ಶಿಸ್ತು ಇರಲಿಲ್ಲ.

ಸಿಗರೇಟು ಮಾತ್ರ ಹೋಗಲಿಲ್ಲ. ಅಕ್ಕ ಬೇಡಿಕೊಂಡಳು, ಬೈದಳು, ಎರಡು ಸೋಮವಾರ ಊಟ ಬಿಟ್ಟಳು. ಕೊನೆಗೆ ಒಂದು ದಿನ ಭಾವ ನಗುತ್ತ, "ನೀ ಎಲಿ ಅಡಿಕಿ ಬಿಡು, ನಾ ಇದನ್ನ ಬಿಡ್ತೀನಿ" ಎಂದರು. ಅವಳಿಂದ ಆಗುವುದಿಲ್ಲ ಎಂಬ ಧೈರ್ಯ ಅವರಿಗೆ. ಅಕ್ಕ ದವಡೆಯಲ್ಲಿದ್ದುದನ್ನು ಉಗುಳಿ ಬಂದು ಕೇಳಿದಳು: "ಗಯಾದಾಗ ಹೇಳ್ತೀರೇನು ಈ ಮಾತು?"

ಗಯಾಕ್ಕೆ ಹೋದವರು ಒಂದು ಹಣ್ಣು, ಒಂದು ಕಾಯಿಪಲ್ಲೆ, ಒಂದು ಎಲೆ ಬಿಟ್ಟು ಬರುವುದು ನಮ್ಮ ಮಂದಿಯ ಪದ್ಧತಿ. ಪ್ರೀತಿಯದನ್ನು ಬಿಡಬೇಕೆಂದು ಶಾಸ್ತ್ರ. ನಮ್ಮವರು ಜಾಣರು, ಬಾಯಿಗೆ ಸೇರದ್ದನ್ನೇ ಹುಡುಕಿ ಬಿಟ್ಟು ಬರುತ್ತಾರೆ. ಎಪ್ಪತ್ತಾರರಲ್ಲಿ ನಾವು ಮೂವರೂ ಹೋದೆವು. ತುರ್ತು ಪರಿಸ್ಥಿತಿಯ ಕಾಲ, ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿದ್ದವು. ಹಿರಿಯರ ಶ್ರಾದ್ಧ ಮುಗಿಸಿ ಅಕ್ಷಯವಟದ ಕೆಳಗೆ ಕೂತಾಗ ಅಲ್ಲಿಯ ಪುರೋಹಿತ ಪಂಡಾ, ಏನೇನು ಬಿಡುತ್ತೀರಿ ಎಂದು ಕೇಳಿದ. ನಾನು ಪಡವಲಕಾಯಿ ಬಿಟ್ಟೆ, ಹುಟ್ಟಿದಾಗಿನಿಂದ ಅದನ್ನು ತಿಂದವನೇ ಅಲ್ಲ. ಅಕ್ಕ ವೀಳ್ಯದೆಲೆ ಎಂದಳು. ಪಂಡಾ ಅವಳ ಕೆಂಪು ತುಟಿ ನೋಡಿ ಇನ್ನೊಮ್ಮೆ ಕೇಳಿದ. ಅವಳು ಮತ್ತೂ ಗಟ್ಟಿಯಾಗಿ ಹೇಳಿದಳು. ಭಾವ ಕೈಯಲ್ಲಿ ನೀರು ದರ್ಭೆ ಹಿಡಿದು, "ಹೊಗೆಸೊಪ್ಪು" ಎಂದರು. ಅಕ್ಕ ಅಲ್ಲಿಯೇ ಗಂಡನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆ ಕಾಲು ಉಳಿಯಿತು ಎಂಬ ಸಂತೋಷ ಅವಳಿಗೆ.

ಊರಿಗೆ ಬಂದು ಗಂಗಾ ಸಮಾರಾಧನೆ ಮಾಡಿದಾಗ ಉಣ್ಣಲು ಬಂದವರೆಲ್ಲ, "ಏನು ಬಿಟ್ಟು ಬಂದ್ರಿ?" ಎಂದು ಕೇಳಿದರು. ಅಕ್ಕ ತನ್ನದನ್ನು ಹೇಳಲಿಲ್ಲ. "ಇವರು ಸಿಗರೇಟು ಬಿಟ್ರು" ಎಂದು ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೂ ಹೇಳಿಕೊಂಡು ಬಡಿಸಿದಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಇನ್ನೊಂದು ಸಂಭ್ರಮ. ಯಾತ್ರೆಯಿಂದ ಬಂದ ಮೇಲೆ ಭಾವನಿಗೆ ಆಚಾರ ಹೆಚ್ಚಾಗಿತ್ತು. ಕಚೇರಿಯಿಂದ ಬಂದವರೇ ಯಾರನ್ನೂ ಮಾತಾಡಿಸದೆ, ಏನನ್ನೂ ಮುಟ್ಟದೆ, ನೇರ ಬಚ್ಚಲಿಗೆ ಹೋಗಿ ಸ್ನಾನ ಮಾಡಿ, ಅಂಗಿ ಧೋತರ ತಾವೇ ನೀರಿಗೆ ಹಾಕಿ, ನಾಲ್ಕು ತುಳಸಿ ಎಲೆ ಬಾಯಿಗೆ ಹಾಕಿಕೊಂಡು ಸಂಧ್ಯಾವಂದನೆಗೆ ಕೂಡುತ್ತಿದ್ದರು. "ನೋಡೋ ನರಸಿಂಹ, ಗಯಾ ಅಂದ್ರ ಹಂಗ! ನಿಮ್ಮ ಭಾವ ಮೊದಲ ಮುಂಜಾನೆ ಸಂಧ್ಯಾವಂದನೀನೇ ನುಂಗತಿದ್ರು" ಎಂದು ಅಕ್ಕ ಹಿಗ್ಗಿದಳು. ಬೀದಿಯ ಹೆಂಗಸರು ತಮ್ಮ ಗಂಡಂದಿರಿಗೆ ಮಾರ್ತಾಂಡರಾಯರ ಉದಾಹರಣೆ ಕೊಡತೊಡಗಿದರು.

ಮರುವರ್ಷ ಒಂದು ಶನಿವಾರ ಮಧ್ಯಾಹ್ನ ಬಸ್ಸಿಳಿದವನು ಬುಡ್ಡೇಸಾಬನ ಚಹದಂಗಡಿಗೆ ಹೋದೆ. ಹಿಂದಿನ ತಗಡಿನ ಚಪ್ಪರದಲ್ಲಿ ಭಾವ ಕೂತಿದ್ದರು, ಕೈಯಲ್ಲಿ ಸಿಗರೇಟು. ಸಂಜೆಯ ಸ್ನಾನದ ಅರ್ಥ ನನಗೆ ಆ ಕ್ಷಣದಲ್ಲಿ ಆಯಿತು. ಅವರು ಗಾಬರಿಯಾಗಲಿಲ್ಲ. "ಬಾ, ಕೂಡು. ದಿನಕ್ಕ ಎರಡೇ" ಎಂದರು.

"ಭಾವ, ಡಾಕ್ಟರು ಹೇಳಿದ್ದು ಮರೆತ್ರೇನು?"

"ಸಿಗರೇಟಿನಾಗ ಸಕ್ಕರಿ ಎಲ್ಲಿ ಅದನೋ ಮಾಸ್ತರಾ? ಸಕ್ಕರಿ ಬಿಟ್ಟೀನಿ, ಅನ್ನ ಬಿಟ್ಟೀನಿ. ಇದೊಂದು ಉಳದದ. ನಿಮ್ಮ ಅಕ್ಕಗ ಹೇಳಬ್ಯಾಡ, ಆಕಿ ಎದಿ ಒಡ್ಕೋತಾಳ."

ಪಾಕೀಟು ನನ್ನ ಕಡೆ ಚಾಚಿದರು. ನಾನು ತೆಗೆದುಕೊಂಡೆ.

ಅದನ್ನೇಕೆ ತೆಗೆದುಕೊಂಡೆ ಎಂದು ಹಲವು ಸಲ ಯೋಚಿಸಿದ್ದೇನೆ. ಹೇಳಿದರೆ ಅಕ್ಕನಿಗೆ ನೋವಾಗುತ್ತದೆ ಅಂದುಕೊಂಡೆ, ಅದು ಅರ್ಧ ಖರೆ. ಚಾಡಿ ಹೇಳುವುದು ಗಂಡಸಿಗೆ ಶೋಭೆಯಲ್ಲ ಅಂದುಕೊಂಡೆ, ಅದೂ ಅರ್ಧ ಖರೆ. ಉಳಿದದ್ದು ಇಷ್ಟೇ: ಭಾವನ ಜೊತೆ ತಗಡಿನ ಕೆಳಗೆ ಕೂತು ಸೇದುವುದು ನನಗೂ ಹಿತವಾಗಿತ್ತು. ಎರಡು ಹೋಗಿ ಐದಾಯಿತು, ಐದು ಹೋಗಿ ಹತ್ತಾಯಿತು. ಬುಡ್ಡೇಸಾಬನಿಗೆ ಗೊತ್ತು, ಕಚೇರಿಯ ಸಿಪಾಯಿ ಮೈಲಾರಪ್ಪನಿಗೆ ಗೊತ್ತು, ಅರ್ಧ ಊರಿಗೆ ಗೊತ್ತು. ಗೊತ್ತಿಲ್ಲದವಳು ಅವಳೊಬ್ಬಳೇ. ಅವಳು ಸೋಮವಾರದ ನಳಿಗೆ ಹಿಡಿದು ಬಣ್ಣ ನೋಡುತ್ತಲೇ ಇದ್ದಳು. ನೀಲಿ ಔಷಧ ಸುಳ್ಳು ಹೇಳುತ್ತಿರಲಿಲ್ಲ, ಆದರೆ ಅದರಲ್ಲಿ ತಂಬಾಕಿಗೆ ಬಣ್ಣವಿರಲಿಲ್ಲ.

ಎಂಬತ್ತೊಂದರಲ್ಲಿ ಒಮ್ಮೆ ಅಕ್ಕ ನನ್ನನ್ನು ಅಡಿಗೆಮನೆಯ ಬಾಗಿಲಿಗೆ ಕರೆದು ಕೇಳಿದಳು: "ಇವರ ಅಂಗೀ ಕಿಸೇದಾಗ ಕಡ್ಡಿಪೆಟ್ಟಿಗಿ ಇತ್ತು. ಯಾಕಿರಬೇಕೋ?" ಭಾವ ನನಗೇನೂ ಹೇಳಿಕೊಟ್ಟಿರಲಿಲ್ಲ, ಇದು ನನ್ನ ಸ್ವಂತ ಬುದ್ಧಿ. "ಕಚೇರಿಯೊಳಗ ಲಕೋಟಿಗೆ ಅರಗಿನ ಮುದ್ರಿ ಹಾಕ್ತಾರಲ್ಲಕ್ಕಾ, ಅರಗು ಕರಗಸಲಿಕ್ಕೆ ಬೇಕಾಗ್ತದ" ಎಂದೆ. ಅವಳ ಮುಖ ಒಮ್ಮೆಲೇ ಹಗುರಾಯಿತು. "ಹೌದಲ್ಲಾ, ನನ್ನ ಸುಡ್ಲಿ. ಸುಳ್ಳೇ ಸಂಶೆ ಪಟ್ಟೆ ನೋಡು" ಎಂದು ಕೆನ್ನೆಗೆ ಹೊಡೆದುಕೊಂಡು ನನಗೆ ಇನ್ನೊಂದು ಹೋಳಿಗೆ ಹಾಕಿದಳು. ನಾನು ತಿಂದೆ.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಭಾವನ ಎಡಗಾಲಿನ ಹೆಬ್ಬೆರಳಿಗೆ ಕಲ್ಲು ತಾಗಿ ಸಣ್ಣ ಗಾಯವಾಯಿತು. ಅಕ್ಕ ಅರಿಶಿಣ ಹಚ್ಚಿದಳು. ಗಾಯ ಮಾಯಲಿಲ್ಲ. ಬೆರಳು ಕಪ್ಪಗಾಯಿತು, ಕಪ್ಪು ಮೇಲಕ್ಕೆ ಏರಿತು. ಗದಗಿನ ಖಾಸಗಿ ದವಾಖಾನೆಗೆ ಸೇರಿಸಿದೆವು. ಡಾಕ್ಟರು ಹೊಸಬರು, ಸಣ್ಣ ವಯಸ್ಸಿನವರು. ಪಾದ ಒತ್ತಿ ನೋಡಿ, "ಇಲ್ಲಿ ನಾಡೀನೇ ಸಿಗವಲ್ದು. ರಕ್ತ ಕಾಲಿಗೆ ಇಳೀತಾ ಇಲ್ಲ. ಮೊಣಕಾಲ ಕೆಳಗ ತೆಗೀಬೇಕಾಗ್ತದ" ಎಂದರು. ಆಮೇಲೆ ಭಾವನನ್ನು ಕೇಳಿದರು: "ಸಿಗರೇಟು ಸೇದ್ತೀರೇನು?"

ಅಕ್ಕ ಮುಂದೆ ಬಂದಳು. "ಇಲ್ಲರಿ. ಎಂಟು ವರ್ಷಾತು, ಗಯಾದಾಗ ಬಿಟ್ಟಾರ" ಎಂದಳು. ಅಂಥ ಹೊತ್ತಿನಲ್ಲೂ ಅವಳ ದನಿಯಲ್ಲಿ ಅಭಿಮಾನವಿತ್ತು.

"ನಾ ಅವರನ್ನ ಕೇಳೀನಿ, ಬಾಯಾರ. ರಾಯರ, ನಾಳೆ ನಿಮಗ ಮತ್ತಿನ ಔಷಧ ಕೊಡೋದದ. ಈಗ ಸುಳ್ಳು ಹೇಳಿದ್ರ ಟೇಬಲ್ ಮ್ಯಾಲೇ ಜೀವಕ್ಕ ಬಂದೀತು. ದಿನಕ್ಕ ಎಷ್ಟು?"

ಭಾವ ಛಾವಣಿಯತ್ತ ನೋಡಿದರು. "ಹತ್ತು. ಒಮ್ಮೊಮ್ಮೆ ಹನ್ನೆರಡು" ಎಂದರು.

ಅಕ್ಷಯವಟದ ಕೆಳಗೆ ನೀರು ಬಿಟ್ಟು ದೇವರಿಗೆ ಸುಳ್ಳು ಹೇಳಿದ ಮನುಷ್ಯ, ಮೂವತ್ತು ವರ್ಷದ ಡಾಕ್ಟರನಿಗೆ ಹೆದರಿ ಸತ್ಯ ಹೇಳಿದ. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ. ಅಕ್ಕ ಅಳಲಿಲ್ಲ. ಮಂಚದ ಸರಳು ಹಿಡಿದುಕೊಂಡು ನನ್ನ ಕಡೆ ತಿರುಗಿ, "ನರಸಿಂಹ, ನಿನಗ ಗೊತ್ತಿತ್ತೇನು?" ಎಂದಳು.

"ನನಗೇನು ಗೊತ್ತಕ್ಕಾ" ಎಂದೆ. ಏಳು ವರ್ಷದ ಅಭ್ಯಾಸ, ಬಾಯಿ ತನ್ನಷ್ಟಕ್ಕೆ ಆಡಿತು.

"ಅವಂಗ ಮೊದಲಿನಿಂದ ಗೊತ್ತದ" ಎಂದರು ಭಾವ ಮಲಗಿದಲ್ಲಿಂದಲೇ. "ಜೋಡೀಲೇ ಸೇದ್ತಿದ್ವಿ." ಭಾವನಿಗೆ ಅಂದು ಸತ್ಯದ ಹುಚ್ಚು ಹಿಡಿದಿತ್ತು. ನನ್ನನ್ನೂ ಬಿಟ್ಟುಕೊಟ್ಟರಲ್ಲ ಎಂದು ನನಗೆ ಅವರ ಮೇಲೆ ಕೋಪ ಬಂತು, ನನಗೂ ಕೋಪ ಬರಬೇಕೆ!

ಅಕ್ಕ ಮಂಚದ ಸರಳು ಬಿಟ್ಟಳು. "ಅರಗು" ಎಂದಳು. ಅಷ್ಟೇ. ಆಮೇಲೆ ಗಂಡನಿಗೆ ಹೇಳಿದಳು: "ಕಾಲು ಹೋದ್ರ ಹೋಗ್ಲಿ, ನಾ ಎತ್ತಿ ಕೂಡಿಸ್ತೀನಿ. ಆದ್ರ ಎಂಟು ವರ್ಷ ನನ್ನ ಹುಚ್ಚಿ ಮಾಡಿದ್ರಲ್ಲಾ. ನಿಮ್ಮ ಸ್ನಾನ ನೋಡಿ ನಾ ದೇವರ ಮುಂದ ತುಪ್ಪದ ದೀಪ ಹಚ್ಚಿದ್ನಲ್ಲಾ. ಊರ ಹೆಂಗಸರೆಲ್ಲ ಒಳಗೊಳಗ ನಕ್ಕಿರಬೇಕು."

ಕಾಲು ತೆಗೆದರು. ಆ ಹೆದರಿಕೆಯಲ್ಲಿ ಭಾವ ಸಿಗರೇಟನ್ನು ಖರೆ ಖರೆ ಬಿಟ್ಟರು. ನಾನೂ ಬಿಟ್ಟೆ. ಆದರೆ ನಂಬುವವರು ಇರಲಿಲ್ಲ. ಅಕ್ಕ ಗಂಡನ ಸೇವೆಯಲ್ಲಿ ಒಂದು ಎಳೆ ಕಡಿಮೆ ಮಾಡಲಿಲ್ಲ. ಗಾಯ ತೊಳೆದಳು, ಎತ್ತಿ ಕೂಡಿಸಿದಳು, ಸೋಮವಾರದ ಪರೀಕ್ಷೆ ನಡೆಸಿದಳು. ಆದರೆ ದಿನಾ ಸಂಜೆ, ಬಂದವರು ಹೋದವರು ಇದ್ದರೂ, ಗಂಡನ ಎದುರು ನಿಂತು "ಬಾಯಿ ತೆಗೀರಿ" ಎನ್ನುತ್ತಿದ್ದಳು. ಭಾವ ಬಾಯಿ ತೆರೆಯುತ್ತಿದ್ದರು. ಅವಳು ಬಗ್ಗಿ ಮೂಸುತ್ತಿದ್ದಳು. ವಾಸನೆ ಇಲ್ಲದಿದ್ದರೂ "ಇವತ್ತ ಚಲೋ ತೊಳಕೊಂಡೀರಿ" ಎನ್ನುತ್ತಿದ್ದಳು. ನಾಲ್ಕು ವರ್ಷ ಹೀಗೆಯೇ ನಡೆಯಿತು. ಆ ನಾಲ್ಕು ವರ್ಷ ಭಾವ ಒಂದನ್ನೂ ಸೇದಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಆದರೆ ನನ್ನ ಪ್ರಮಾಣ ಯಾರಿಗೆ ಬೇಕು?

ಒಮ್ಮೆ ನಾನು ಲಕ್ಷ್ಮೇಶ್ವರದಿಂದ ಒಳ್ಳೆಯ ಅಂಬಾಡಿ ವೀಳ್ಯದೆಲೆ ತಂದು ಅವಳ ಮುಂದೆ ಇಟ್ಟೆ. ಇನ್ನಾದರೂ ಹಾಕಿಕೊಳ್ಳಲಿ ಎಂದು. "ಹಲ್ಲಿದ್ದಾಗ ಬಿಡಿಸಿದ್ರಿ. ಈಗ ತಂದಿ ಏನು?" ಎಂದು ಹಸುವಿಗೆ ಹಾಕಿದಳು.

ನನ್ನನ್ನು ಅವಳು ಬೈಯಲಿಲ್ಲ, ಬರಬೇಡ ಎನ್ನಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು. ಆದರೆ ನನ್ನ ಮಾತನ್ನು ತೆಗೆದುಕೊಳ್ಳುವುದನ್ನು ಬಿಟ್ಟಳು. ಗದಗಿನ ಬಸ್ಸು ಎಷ್ಟಕ್ಕೆ ಎಂದು ನಾನು ಹೇಳಿದರೆ ಪಕ್ಕದ ಮನೆಯ ಮಂಜವ್ವನನ್ನು ಕೇಳಿ ಬರುತ್ತಿದ್ದಳು. ಧಾರವಾಡದಿಂದ ಮಗಳ ಕಾಗದ ಬಂದರೆ ನಾನಿದ್ದರೂ ಟಪಾಲಿನವನ ಕಡೆಯಿಂದ ಓದಿಸುತ್ತಿದ್ದಳು. ಮೊದಲು ಅವಳಿಗೆ ಪ್ರತಿ ಕಾಗದ ಓದಿ ಹೇಳಿದವನು ನಾನು. ಸಿಟ್ಟಾಗಿದ್ದರೆ ಕಾಲು ಹಿಡಿಯಬಹುದಿತ್ತು. ಇದಕ್ಕೆ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಎಂಬತ್ತೆಂಟರ ಮಾಘದಲ್ಲಿ ಭಾವನ ಇನ್ನೊಂದು ಕಾಲೂ ಕಪ್ಪಗಾಗಿ ಮತ್ತೆ ಅದೇ ದವಾಖಾನೆ ಸೇರಿದರು. ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅಕ್ಕ ಬೆಟಗೇರಿಯ ಪರಿಚಯದವರ ಮನೆಗೆ ಸ್ನಾನ ಅಡಿಗೆಗೆಂದು ಹೋದಳು. ನಾನು ಮಂಚದ ಹತ್ತಿರ ಕೂತಿದ್ದೆ. ಹನ್ನೊಂದಕ್ಕೆ ಭಾವನ ಎದೆ ನಿಂತಿತು. ಡಾಕ್ಟರು ಬಂದು ನೋಡಿ ಹೋದರು. ಆಯಾ ಲಾಲಬಿ ಮುಖಕ್ಕೆ ಬಟ್ಟೆ ಎಳೆದಳು.

ಅಕ್ಕ ಊಟದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ನಾನು ಎದುರಿಗೆ ಹೋದೆ. ಅಳು ತಡೆಯಲಾಗಲಿಲ್ಲ. "ಅಕ್ಕಾ, ಭಾವ ಹೋದ್ರು" ಎಂದೆ.

ಅವಳು ನನ್ನ ಮುಖ ನೋಡಿದಳು, ಕಣ್ಣೀರೂ ನೋಡಿದಳು. ನೋಡಿ ನನ್ನನ್ನು ದಾಟಿಕೊಂಡು ಬಾಗಿಲಲ್ಲಿ ನಿಂತಿದ್ದ ಲಾಲಬಿಯ ಹತ್ತಿರ ಹೋದಳು.

"ಲಾಲಬಿ, ಇಂವ ಹೇಳೋದು ಖರೆ ಏನು?"

"ಹೌದ್ರಿ ಬಾಯಾರ. ಖರೆ ಐತ್ರಿ" ಎಂದಳು ಲಾಲಬಿ.

ಆಗ ಅಕ್ಕ ಡಬ್ಬಿ ಕೆಳಗಿಟ್ಟು, ಅಲ್ಲಿಯೇ ಗೋಡೆಗೆ ಒರಗಿ ಕೂತು, ದೊಡ್ಡ ದನಿ ತೆಗೆದು ಅತ್ತಳು.