ಭಾವ ರುಚಿ ನೋಡಿದ ವೆಬ್‌ಸೈಟ್

ನನ್ನ ಹೆಂಡತಿಯ ಅಣ್ಣನ ಮೇಲ್ತುಟಿ ಎಳೆಮಗುವಿನ ಕೆನ್ನೆಯಷ್ಟು ನುಣ್ಣಗಿತ್ತು. ಮೀಸೆ ನೋಡಿ ಮಾತಿನ ತೂಕ ಅಳೆಯುವ ನಮ್ಮ ಅಮ್ಮತ್ತಿ ಕಡೆಯಲ್ಲಿ ಅವರು ದಿನವೂ ಕನ್ನಡಿಯ ಮುಂದೆ ನಿಂತು ಅದನ್ನು ಬೋಳಿಸುತ್ತಿದ್ದರು. ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ರುಚಿ ನೋಡುವ ಟೇಸ್ಟರ್ ಆಗಿದ್ದವರು. ಮೀಸೆಯಲ್ಲಿ ನಿನ್ನೆಯ ಸಾರಿನ ವಾಸನೆ ಉಳಿದರೆ ಇಂದಿನ ಕಾಫಿಗೆ ಅನ್ಯಾಯವಾಗುತ್ತದೆಂಬುದು ಅವರ ವಾದ. ನಿವೃತ್ತರಾದ ಮೇಲೂ ಮೀಸೆ ಬೆಳೆಸಲಿಲ್ಲ. ನಾನು ಅವರನ್ನು ಭಾವ ಎನ್ನುತ್ತಿದ್ದೆ.

ನಮ್ಮ ಮನೆಗೆ ಬಂದರೂ ಮೊದಲ ಗುಟುಕನ್ನು ಊರಿಗೆಲ್ಲ ಕೇಳುವಂತೆ ಸುರ್ರೆಂದು ಎಳೆದು, ಬಾಯಲ್ಲಿ ಹೊರಳಿಸಿ, ಜಗಲಿಯಾಚೆ ಉಗುಳುವರು. ನನ್ನ ಹೆಂಡತಿ ತನ್ನ ದಾಸವಾಳದ ಗಿಡಗಳನ್ನು ಉಳಿಸಿಕೊಳ್ಳಲು ಅವರಿಗಾಗಿಯೇ ಒಂದು ಬಕೆಟ್ ಇಟ್ಟಿದ್ದಳು. "ನುಂಗಿದವ ಆಮೇಲೆ ಬೈಯೋ ಹಾಗಿಲ್ಲ ಮಾರಾಯ್ರೆ. ಅದಕ್ಕೆ ಮೊದಲು ಉಗುಳೋದು" ಎನ್ನುತ್ತಿದ್ದರು.

ನಾನು ಹೆಚ್ಚು ಓದಿದವನಲ್ಲ. ಓದಿದ್ದೆಲ್ಲ ನಾನಾಗಿಯೇ ಓದಿದ್ದು. ಹಿರಿಯರು ಹೇಳಿದರೆಂದೋ ಪುಸ್ತಕದಲ್ಲಿದೆಯೆಂದೋ ಯಾವುದನ್ನೂ ಒಪ್ಪುವ ಅಭ್ಯಾಸ ನನಗಿಲ್ಲ. ನನ್ನ ಹೆಂಡತಿಯ ತವರುಮನೆಯ ಮುಂದೆ ಒಂದು ಕಲ್ಲಿದೆ. ಬೇಟೆಗೆ ಹೊರಟ ರಾಜರೊಬ್ಬರು ಅದರ ಮೇಲೆ ಕೂತು ಆ ಮನೆಯ ನೀರು ಕುಡಿದರೆಂದು ಊರೆಲ್ಲ ನಂಬಿದೆ. ನಾನು ಅಳತೆಪಟ್ಟಿ ಹಿಡಿದು ಹೋಗಿ ನೋಡಿದೆ. ಕಲ್ಲು ಭಾವನ ಎದೆಯೆತ್ತರವಿತ್ತು. ಏಣಿಯಿಲ್ಲದೆ ಯಾವ ರಾಜನೂ ಅದರ ಮೇಲೆ ಕೂರಲಾರ. ಅದು ದಾರಿಹೋಕರು ತಲೆಹೊರೆಯನ್ನು ಬಗ್ಗದೆ ಇಳಿಸಿಡಲು ನಿಲ್ಲಿಸಿದ ಹೊರೆಗಲ್ಲು. ಭಾವನನ್ನೇ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದು ಲೇಖನ ಬರೆದೆ. ಯಾವ ಪತ್ರಿಕೆಯೂ ಅದನ್ನು ಮುಟ್ಟಲಿಲ್ಲ.

"ಹೆಣ್ಣು ನೋಡೋಕೆ ಬಂದಾಗ ರಾಜರ ಕತೆ ಕೇಳಿ ತಲೆ ಆಡಿಸಿದ್ರಲ್ಲ, ಆಗ ಏಣಿ ನೆನಪಾಗ್ಲಿಲ್ವಾ?" ಎಂದು ಹೆಂಡತಿ ಕೇಳಿದಳು. ತವರಿನವರ ವಕೀಲಿಕೆಯನ್ನೂ ಅವಳೇ ವಹಿಸಿದಳು: "ರಾಜರು ಕುದುರೆಯಿಂದ ನೇರ ಕಲ್ಲಿಗೇ ಇಳಿದ್ರು. ಏಣಿ ಯಾಕೆ?"

ಪತ್ರಿಕೆಗಳ ಹಂಗೇ ಬೇಡವೆಂದು ನನ್ನದೇ ವೆಬ್‌ಸೈಟ್ ಕಟ್ಟಲು ಕೂತೆ. ವಿಡಿಯೋ ನೋಡಿ ಕಲಿತೆ. ಸೈಟಿಗೆ ರೂಪ ಕೊಡುವ ಥೀಮುಗಳನ್ನು ಹುಡುಕಿದರೆ ಕೊನೆಯೇ ಇಲ್ಲ. ಎಲ್ಲವೂ ಸುಂದರ, ಎಲ್ಲಕ್ಕೂ ಹೊಗಳಿಕೆ. ಅನುಮಾನ ಹುಟ್ಟಲು ಅಷ್ಟು ಸಾಕಿತ್ತು. ಸೋತು ಭಾವನನ್ನು ಕರೆದೆ.

"ಇದಕ್ಕೆ ಐದು ನಕ್ಷತ್ರ ಉಂಟು ಭಾವ" ಎಂದೆ.

"ಯಾರು ಕೊಟ್ಟದ್ದು? ಅವ ನಮ್ಮ ಕಾಫಿ ಕಣದ ಸಿಗ್ನಲಲ್ಲಿ ನೋಡಿದ್ದಾನಾ?"

"ಅವರ ಡೆಮೊ ಪುಟ ನೋಡಿ, ಎಷ್ಟು ಚೆಂದ!"

"ಅದು ಮೂಟೆ ಬಾಯಲ್ಲಿ ಆರಿಸಿ ಇಟ್ಟ ಕಾಳು ಮಾರಾಯ್ರೆ. ಮೂಟೆ ಹೊಟ್ಟೆಗೆ ಕೊಳವೆ ಚುಚ್ಚಿ ಒಳಗಿನದ್ದು ತೆಗೀಬೇಕು. ನಿಮ್ಮ ಸರಕು ಹಾಕಿ, ಆಮೇಲೆ ನೋಡುವ."

ಕಾಫಿಯ ರುಚಿ ನೋಡುವಾಗ ಎಲ್ಲ ಕಪ್ಪಿಗೂ ಒಂದೇ ನೀರು, ಒಂದೇ ಹದದ ಹುರಿತ, ಒಂದೇ ಅಳತೆ. ಯಾವ ಎಸ್ಟೇಟಿನ ಹೆಸರೂ ಕಾಣಬಾರದು. ಅದೇ ಕಟ್ಟಳೆಯನ್ನು ಅವರು ಥೀಮುಗಳಿಗೂ ಹಾಕಿದರು. ಎಲ್ಲದರೊಳಗೂ ಒಂದೇ ಲೇಖನ, ಒಂದೇ ಫೋಟೋ. ನೋಡುವುದು ಒಂದೇ ಹಳೆಯ ಫೋನಿನಲ್ಲಿ, ಕಾಫಿ ಒಣಗಿಸುವ ಕಣದ ಒಂದೇ ಮೂಲೆಯಲ್ಲಿ. ಸಿಗ್ನಲ್ ಅಲ್ಲಿ ಮಾತ್ರ ಉಸಿರಾಡುತ್ತಿತ್ತು. ಪರದೆಯಲ್ಲಿ ಕಾಣುವ ಥೀಮಿನ ಹೆಸರಿನ ಮೇಲೆ ಹಳೆಯ ಕ್ಯಾಲೆಂಡರಿನ ಚೂರು ಅಂಟಿಸುವ ಕೆಲಸ ನನ್ನದು.

"ಯಾವ ಲೇಖನ ಹಾಕ್ಲಿ?" ಎಂದೆ.

"ನಿಮಗೆ ಯಾವುದು ದೊಡ್ಡದೋ ಅದು."

ಕಲ್ಲಿನ ಲೇಖನವನ್ನೇ ಹಾಕಿದೆ. ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು, "ಅಣ್ಣಯ್ಯನ ಕೈಯಲ್ಲೇ ಅಣ್ಣಯ್ಯನ ಮನೆ ಮರ್ಯಾದೆ ತೆಗೆಸ್ತೀರಾ? ಅವ್ನು ಈ ಮನೆ ಮೆಟ್ಟಿಲು ಹತ್ತೋದು ಬಿಟ್ರೆ ನೋಡಿ ಮತ್ತೆ" ಎಂದಳು. ನನಗೂ ಒಳಗೊಳಗೇ ಅಳುಕಿತ್ತು. ಭಾವ ಮಾತ್ರ ತಮ್ಮ ಮನೆತನದ ರಾಜನನ್ನು ಅಲ್ಲಗಳೆಯುವ ಬರಹವನ್ನು ಥೀಮಿನಿಂದ ಥೀಮಿಗೆ ಮೊದಲಿನಿಂದ ಕೊನೆಯವರೆಗೆ ಓದುತ್ತ ಹೋದರು. ಪುಟ ತೆರೆದೊಡನೆ ಅಭ್ಯಾಸಬಲದಿಂದ ಸುರ್ರೆಂದು ಗಾಳಿ ಎಳೆಯುವರು, ಮುಖವನ್ನು ಕಣಕ್ಕೆ ತಂದಿಟ್ಟ ಬಕೆಟ್ಟಿನತ್ತ ತಿರುಗಿಸುವರು. ಲೇಖನದ ಬಗ್ಗೆ ಒಂದಕ್ಷರ ಆಡಲಿಲ್ಲ.

ನಡುವೆ ನಾನು ಸೈಟಿಗೆ ಹೆಚ್ಚುವರಿ ಸೌಕರ್ಯ ಸೇರಿಸುವ ಪ್ಲಗಿನ್‌ಗಳ ಚಪಲಕ್ಕೆ ಬಿದ್ದೆ. ಓದುಗರ ಸಂಖ್ಯೆ ತೋರಿಸಲು ಒಂದು, ಲೇಖನವನ್ನು ಗಟ್ಟಿಯಾಗಿ ಓದಿ ಹೇಳಲು ಒಂದು, ಪುಟದ ಮೇಲೆ ಎಲೆ ಉದುರಿಸಲು ಮತ್ತೊಂದು. ಕಣದ ಮೂಲೆಯಲ್ಲಿ ಪುಟ ತೆರೆಯುವುದೇ ನಿಂತಿತು.

"ಎಷ್ಟು ಚಿಕೋರಿ ಬೆರೆಸಿದ್ದೀರಿ?" ಎಂದರು ಭಾವ.

"ಸ್ವಲ್ಪ ಮೆರುಗಿಗೆ..."

"ಕಾಫಿ ಉಂಟಾ ಒಳಗೆ?"

ಒಂದೊಂದಾಗಿ ತೆಗೆಸಿದರು. ಕೊನೆಗೆ ಉಳಿದದ್ದು ಬರಹಗಳ ನಕಲು ಕಾಯ್ದಿಡುವ ಪ್ಲಗಿನ್ ಮತ್ತು ಕಸದ ಕಾಮೆಂಟುಗಳನ್ನು ತಡೆಯುವ ಪ್ಲಗಿನ್ ಮಾತ್ರ.

ಕಡೆಗೆ ಕಣದಲ್ಲಿ ಎರಡು ಥೀಮುಗಳು ನಿಂತವು. ಒಂದರಲ್ಲಿ ಫೋಟೋ ಪರದೆಯ ಉದ್ದಗಲಕ್ಕೂ ಹಬ್ಬಿ ಮದುವೆಮನೆಯಂತೆ ಕಾಣುತ್ತಿತ್ತು. ಇನ್ನೊಂದು ಬೋಳು: ಬಿಳಿ ಹಾಳೆ, ಕಪ್ಪಕ್ಷರ, ಮಧ್ಯದಲ್ಲಿ ಫೋಟೋ. ಹೆಂಡತಿ ಮೊದಲನೆಯದನ್ನು ನೋಡಿ ಅರಳಿದಳು. "ಇದೇ ಇರ್ಲಿ. ನಮ್ಮ ಕಲ್ಲು ಸಿಂಹಾಸನದ ಹಾಗೆ ಕಾಣ್ತದೆ!"

ನಿಜವಾಗಿಯೂ ಹಾಗೆಯೇ ಕಾಣುತ್ತಿತ್ತು. ಕಾರಣ ನನಗೆ ಹೊಳೆಯಲಿಲ್ಲ. ಭಾವ ಫೋನನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಸುರ್ರೆಂದು ಎಳೆದರು.

"ಇದರಲ್ಲಿ ನನಗೆ ಕಾಲಿಲ್ಲ" ಎಂದರು.

ಅಗಲಕ್ಕೆ ಹೊಂದಿಸಲು ಆ ಥೀಮು ಫೋಟೋದ ಕೆಳಭಾಗವನ್ನು ತಾನಾಗಿಯೇ ಕತ್ತರಿಸಿತ್ತು. ಭಾವ ಸೊಂಟದಿಂದ ಮೇಲಕ್ಕಷ್ಟೇ ಉಳಿದಿದ್ದರು. ಕಲ್ಲು ತನ್ನ ಎತ್ತರ ಕಳೆದುಕೊಂಡು ಕೂರಲು ಹೇಳಿಮಾಡಿಸಿದ ಪೀಠವಾಗಿತ್ತು. ನಾನು ಅಷ್ಟು ಶ್ರಮಪಟ್ಟು ಇಳಿಸಿದ್ದ ರಾಜ ಐದು ನಕ್ಷತ್ರದ ಥೀಮಿನ ಕೃಪೆಯಿಂದ ಮತ್ತೆ ಏರಿ ಕೂತಿದ್ದ. ಭಾವ ಸುಮ್ಮನಿದ್ದರೆ ಮನೆತನದ ಮಾನ ಉಳಿಯುತ್ತಿತ್ತು. ನನಗೆ ತಿಳಿಯುತ್ತಲೂ ಇರಲಿಲ್ಲ.

ಅವರು ಮುಖ ತಿರುಗಿಸಿ ಈ ಸಲ ಬಕೆಟ್ಟಿಗೆ ನಿಜವಾಗಿಯೂ ಉಗುಳಿದರು. "ಬೋಳು ಥೀಮೇ ಹಾಕಿ. ಅದರಲ್ಲಿ ಕಲ್ಲು ಇದ್ದಷ್ಟೇ ಉಂಟು."

"ಅಣ್ಣಯ್ಯಾ, ರಾಜರು?" ಎಂದಳು ಹೆಂಡತಿ.

"ಹೆಸರು ಮುಚ್ಚಿ ರುಚಿ ನೋಡಿ ಅಂತ ಜೀವಮಾನವಿಡೀ ಬೇರೆಯವರಿಗೆ ಹೇಳಿದವ ನಾನು. ನಮ್ಮನೆ ಕತೆ ಮಾತ್ರ ಹೆಸರು ನೋಡಿಯೇ ಕುಡಿದದ್ದು" ಎಂದು ನಕ್ಕರು. ಆಮೇಲೆ ನನ್ನತ್ತ ತಿರುಗಿ, "ರಾಜ ಏಣಿ ತಂದಿದ್ನಾ ಅಂತ ಲೇವಡಿ ಮಾಡಿದ್ದೀರಲ್ಲ ಮಾರಾಯ್ರೆ, ಅದು ಚಿಕೋರಿ. ತೆಗೀರಿ" ಎಂದರು.

ಆ ಸಾಲಿನ ಮೇಲೆ ನನಗೆ ಬಹಳ ಮೋಹವಿತ್ತು. ವಾದಿಸಿದೆ, ಸೋತೆ, ತೆಗೆದೆ.

ಈ ವರ್ಷ ಕಾಫಿ ತೋಟಗಳು ಹೂಬಿಟ್ಟ ವಾರದಲ್ಲಿ ಭಾವ ತೀರಿಕೊಂಡರು. ಅಷ್ಟು ಚೂಪು ಮೂಗಿನವರು ಆ ಪರಿಮಳದ ನಡುವೆಯೇ ಹೋದರು. ತಿಥಿಯ ಊಟ ಮುಗಿಸಿ ನೆಂಟರೊಡನೆ ನಮ್ಮ ಮನೆಗೆ ಬಂದ ಅವರ ದಾಯಾದಿಯೊಬ್ಬರು ಜಗಲಿಯಲ್ಲಿ ರಾಜರ ಕತೆ ತೆಗೆದರು. ರಾಜರು ಈಗ ಕುದುರೆಯ ಮೇಲಲ್ಲ, ಆನೆಯ ಮೇಲೆ ಬಂದಿದ್ದರು. ನನ್ನ ಲೇಖನವನ್ನು ಅವರು ಓದಿದ್ದರೆಂಬುದರಲ್ಲಿ ಸಂಶಯವಿರಲಿಲ್ಲ. ಆನೆಯಿಂದ ಇಳಿಯುವವನಿಗೆ ಆ ಎತ್ತರ ಅನುಕೂಲವೇ. ಎಲ್ಲರೂ ನನ್ನತ್ತ ನೋಡಿದರು. ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ಆದರೆ ಹೇಳಬೇಕಾದುದೆಲ್ಲ ಬೋಳು ಥೀಮಿನಲ್ಲಿ, ಭಾವನ ಎರಡೂ ಪಾದಗಳ ಸಮೇತ, ಯಾರು ಬೇಕಾದರೂ ನೋಡುವಂತೆ ಇತ್ತು.

ಕೈಯಲ್ಲಿ ಕಾಫಿಯ ಲೋಟವಿತ್ತು. ನನಗರಿವಿಲ್ಲದೆ ಸುರ್ರೆಂದು ಎಳೆದೆ. ಬಾಗಿಲ ಸಂದಿಯಿಂದ ಹೆಂಡತಿ, ಕಣ್ಣು ಒರೆಸಿಕೊಳ್ಳುತ್ತಲೇ, ಕಾಲಿನಿಂದ ಬಕೆಟ್ಟನ್ನು ನನ್ನತ್ತ ತಳ್ಳಿದಳು.

ನಾನು ನುಂಗಿದೆ.