ಸೂಜಿ ಡಾಕ್ಟರು ಬರೆದುಕೊಟ್ಟ ಚೀಟಿ

ಅವರು ಡಾಕ್ಟರಲ್ಲ. ಮನೆಯ ಮುಂದಿನ ಕೋಣೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬು ಇಟ್ಟುಕೊಂಡವರು. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದು, ಖಾಲಿ ಹೊಟ್ಟೆಯಲ್ಲಿ ಬಂದವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ಆ ಕಡೆ ನೋಡಿ ಎಂದು ಹೇಳುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಆದರೆ ಸೂಜಿ ಡಾಕ್ಟರು ಎಂಬ ಹೆಸರು ಬಂದದ್ದು ಆ ಸೂಜಿಯಿಂದಲ್ಲ, ರೆಕಾರ್ಡ್ ಪ್ಲೇಯರಿನ ಸೂಜಿಯಿಂದ.

ಹಳೆಯ ಸಿನಿಮಾ ಹಾಡುಗಳ ರೆಕಾರ್ಡು ಕೂಡಿಡುವ ಹುಚ್ಚಿನವರು ಆ ಊರಲ್ಲಿ ಡಾಕ್ಟರೂ ಸೇರಿ ಎಂಟು ಜನ. ಹಿಂದಿ, ತಮಿಳು, ಕನ್ನಡ, ಯಾವುದಾದರೂ ಸರಿ. ತಟ್ಟೆ ಕಪ್ಪಗಿರಬೇಕು, ಸಿನಿಮಾ ಹಳೆಯದಾಗಿರಬೇಕು. ಭಾನುವಾರ ಬೆಳಿಗ್ಗೆ ದರ್ಜಿಯ ಅಂಗಡಿಯ ಮಹಡಿಯಲ್ಲಿ ಸೇರುತ್ತಾರೆ. ವಾರಕ್ಕೆ ಒಬ್ಬರ ಸರದಿ. ಸರದಿಯವರು ಲೇಬಲ್ ತೋರಿಸದೆ ರೆಕಾರ್ಡು ಹಾಕಬೇಕು, ಉಳಿದವರು ಯಾವ ಚಿತ್ರ, ಯಾರ ಸಂಗೀತ, ಎಷ್ಟನೇ ಅಚ್ಚು ಎಂದು ಕಿವಿಯಿಂದಲೇ ಹೇಳಬೇಕು. ಹೇಳಲಾಗದವನು ಎಲ್ಲರಿಗೂ ಕಾಫಿ ಮಾಡಿ ಕೊಡಬೇಕು. ದರ್ಜಿ ಪಾಪ, ವಾರ ವಾರವೂ ಅವನೇ ಮಾಡುತ್ತಿದ್ದ.

ಈ ಎಂಟು ಜನರಲ್ಲಿ ಇನ್ನೊಂದು ಕಟ್ಟಳೆಯಿತ್ತು. ಆರು ತಿಂಗಳಿಗೊಮ್ಮೆ ಎಲ್ಲರೂ ತಮ್ಮ ಪ್ಲೇಯರಿನ ಸೂಜಿಯನ್ನು ಕಳಚಿ, ಪುಟ್ಟ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ತರುತ್ತಿದ್ದರು. ರಕ್ತ ನೋಡುವ ಮೈಕ್ರೋಸ್ಕೋಪಿನಲ್ಲೇ ಡಾಕ್ಟರು ಸೂಜಿಯ ಮೊನೆ ನೋಡಿ, ತಾರೀಖು ಹಾಕಿ, ಒಂದು ಚೀಟಿ ಬರೆದುಕೊಡುತ್ತಿದ್ದರು. ಚೀಟಿಯಲ್ಲಿ ಎರಡರಲ್ಲಿ ಒಂದು ಮಾತು: ಚೆನ್ನಾಗಿದೆ, ಇಲ್ಲವೇ ಬದಲಿಸಿ. ಮೊನೆ ಮುರಿದ ಸೂಜಿ ಹಾಡನ್ನು ಓದುವುದಿಲ್ಲ, ಕೆರೆಯುತ್ತದೆ. ಒಮ್ಮೆ ಕೆರೆದುಹೋದ ಹಾಡನ್ನು ಬ್ರಹ್ಮ ಬಂದರೂ ವಾಪಸ್ಸು ತರಲಾರ. ಹಾಗಾಗಿ ಈ ಚೀಟಿಗೆ ನ್ಯಾಯಾಲಯದ ತೀರ್ಪಿನ ಬೆಲೆಯಿತ್ತು.

ಬೆಲೆ ಸುಮ್ಮನೆ ಬಂದದ್ದಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಡಾಕ್ಟರು ಒಂದೇ ಒಂದು ಸುಳ್ಳು ರಿಪೋರ್ಟು ಬರೆದವರಲ್ಲ. ಮದುವೆಯ ಮಾತುಕತೆಯ ದಿನವೇ ಸ್ವಂತ ಮಾವನ ಸಕ್ಕರೆ ಕಾಯಿಲೆಯನ್ನು ಬಯಲಿಗೆಳೆದು, ಆ ಮುದುಕನ ಕೈಯಿಂದ ಸಿಹಿ ತಟ್ಟೆ ಕಸಿದಿಟ್ಟ ಆಸಾಮಿ. ಹೆಂಡತಿ ಆ ಕತೆಯನ್ನು ಇಂದಿಗೂ ಬಿಟ್ಟಿಲ್ಲ.

ಇಂಥ ಮನುಷ್ಯನ ಎದೆಯಲ್ಲಿ ಹನ್ನೊಂದು ವರ್ಷದಿಂದ ಒಂದು ಕೆಂಡ ಕೂತಿತ್ತು. ಕೆಂಡದ ಹೆಸರು ಅಣ್ಣ.

ಅಣ್ಣ ಎಂದರೆ ದೊಡ್ಡಮ್ಮನ ಮಗ. ವಿಮೆ ಏಜೆಂಟು, ಮಾತಿನ ಮಲ್ಲ. ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡದ್ದರಿಂದ ಚಿಕ್ಕಮ್ಮನ ಮನೆಯಲ್ಲೇ, ಅಂದರೆ ಡಾಕ್ಟರ ಮನೆಯಲ್ಲೇ ಬೆಳೆದವನು. ಇಬ್ಬರೂ ಒಂದೇ ಚಾಪೆ, ಒಂದೇ ಹೊದಿಕೆ, ಒಂದೇ ಬೈಗುಳದಲ್ಲಿ ದೊಡ್ಡವರಾದವರು. ರೆಕಾರ್ಡಿನ ಹುಚ್ಚೂ ಒಟ್ಟಿಗೇ ಹತ್ತಿತು. ಅದಕ್ಕೆ ಕಾರಣ ಡಾಕ್ಟರ ಅಮ್ಮ.

ಅಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಮದುವೆಗೆ ಮುಂಚೆ, ಯಾರೋ ಪರಿಚಯದವರು ಕರೆದರೆಂದು, ಒಂದು ದಿನ ರಜೆ ಹಾಕಿ ಒಂದು ಸಿನಿಮಾದ ಹಿಮ್ಮೇಳಕ್ಕೆ ಹಾಡಿ ಬಂದಿದ್ದಳು. ನಾಲ್ಕು ಹೆಂಗಸರಲ್ಲಿ ಒಬ್ಬಳು. ಆದರೆ ಮೂರನೇ ಚರಣಕ್ಕೆ ಮುಂಚೆ ಹನ್ನೆರಡು ಸೆಕೆಂಡಿನ ಒಂಟಿ ಆಲಾಪ ಬರುತ್ತದೆ, ಅದು ಅವಳೊಬ್ಬಳದೇ. ಆಲಾಪ ಶುರುವಾಗುವ ಮೊದಲು ಉಸಿರೆಳೆದುಕೊಂಡದ್ದೂ ಕೇಳಿಸುತ್ತದೆ. ಸಿನಿಮಾ ಎರಡು ವಾರ ಓಡಿ ಮಲಗಿತು. ರೆಕಾರ್ಡಿನ ಮೊದಲ ಅಚ್ಚಿನಲ್ಲಿ ಮಾತ್ರ ಪೂರ್ತಿ ಹಾಡಿತ್ತು; ಅದರ ಇನ್ನೊಂದು ಪ್ರತಿಯನ್ನು ಯಾರೂ ಕಂಡಿರಲಿಲ್ಲ. ಮುಂದಿನ ಅಚ್ಚಿನಲ್ಲಿ ಜಾಗ ಸಾಲದೆಂದು ಆಲಾಪವನ್ನೇ ಕತ್ತರಿಸಿದರು. ಲೇಬಲ್ಲಿನ ಮೇಲೆ ಅಮ್ಮನ ಹೆಸರಿಲ್ಲ. ಡಾಕ್ಟರಿಗೆ ಇಪ್ಪತ್ತೆರಡು ತುಂಬುವ ಮೊದಲೇ ಅಮ್ಮ ಹೋದಳು. ಕ್ಯಾಸೆಟ್ಟಿಗೆ ಇಳಿಸಿಟ್ಟಿದ್ದನ್ನು ಬೂಷ್ಟು ತಿಂದಿತು. ಆ ಹನ್ನೆರಡು ಸೆಕೆಂಡು ಬಿಟ್ಟರೆ ಅವಳ ಧ್ವನಿ ಈ ಭೂಮಿಯ ಮೇಲೆ ಬೇರೆಲ್ಲೂ ಉಳಿದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅಣ್ಣ ಆ ರೆಕಾರ್ಡನ್ನು ಒಂದು ವಾರಕ್ಕೆಂದು ಕೇಳಿ ಒಯ್ದ. ಹೇಳಿದ ದಿನಕ್ಕೆ ಸರಿಯಾಗಿ ತಂದೂ ಕೊಟ್ಟ. ಕವರು ಅದೇ, ಮೂಲೆಯಲ್ಲಿ ಅಮ್ಮ ಬರೆದಿದ್ದ ತಾರೀಖೂ ಅದೇ. ಒಳಗಿನ ತಟ್ಟೆ ಬೇರೆ. ಲೇಬಲ್ಲಿನ ಸುತ್ತ, ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೊರೆದಿರುವ ಅಚ್ಚಿನ ಸಂಖ್ಯೆಯ ಕೊನೆಯಲ್ಲಿ ಒಂದು ಇರಬೇಕಾದ ಕಡೆ ಮೂರು ಇತ್ತು. ಹಾಕಿ ನೋಡಿದರೆ ಎರಡನೇ ಚರಣದಿಂದ ಮೂರನೆಯದಕ್ಕೆ ಹಾಡು ಸೀದಾ ನಡೆದುಹೋಯಿತು. ನಡುವೆ ಅಮ್ಮ ಇರಲಿಲ್ಲ.

ಡಾಕ್ಟರು ಭಾನುವಾರ ಎಲ್ಲರೆದುರಿಗೇ ಕೇಳಿದರು. ಅಣ್ಣ ಕಾಫಿ ಲೋಟ ಕೆಳಗಿಟ್ಟು, ಅಯ್ಯೋ ಪಾಪ ಎನ್ನುವ ಮುಖ ಮಾಡಿದ.

"ವಯಸ್ಸಾಯ್ತು ಕಣೋ ನಿನಗೆ. ಕಿವಿ ಹೋಗಿದೆ. ಆ ರೆಕಾರ್ಡಲ್ಲಿ ಆಲಾಪ ಯಾವತ್ತೂ ಇರಲಿಲ್ಲ."

ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಊರವರ ರಕ್ತವನ್ನೆಲ್ಲ ಬರೆದಿಡುವ ಮನುಷ್ಯ ತನ್ನ ಸ್ವಂತ ರೆಕಾರ್ಡಿನ ಸಂಖ್ಯೆಯನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಕೂಟದಲ್ಲಿ ಅದನ್ನು ಒಮ್ಮೆಯೂ ಹಾಕಿರಲಿಲ್ಲ. ಸಾಕ್ಷಿಯಿಲ್ಲ. ಡಾಕ್ಟರಿಗೆ ಆಗ ನಲವತ್ತೊಂಬತ್ತು. ಅಂದಿನಿಂದ ಅವರು ಅಣ್ಣನನ್ನು ನೀನು ಎನ್ನುವುದು ಬಿಟ್ಟು ನೀವು ಎನ್ನತೊಡಗಿದರು. ಬಾಯಲ್ಲಿ ಬಹುವಚನ, ಮನಸ್ಸಿನಲ್ಲಿ ಮಾತ್ರ ಬರೆಯಲು ಬಾರದ ಏಕವಚನ. ಭಾನುವಾರದ ಕೂಟ ಬಿಡಲಿಲ್ಲ. ಬಿಟ್ಟರೆ ಸೇಡು ತೀರಿಸಿಕೊಳ್ಳುವ ದಾರಿ ಮುಚ್ಚಿಹೋಗುತ್ತದಲ್ಲ. ಹೆಂಡತಿ, ಹನ್ನೊಂದು ವರ್ಷದಿಂದ ನೀವು ಹಾಕ್ತಿರೋದು ಅದೊಂದೇ ರೆಕಾರ್ಡು, ನನ್ನ ಕಿವೀನೂ ಸವೆದುಹೋಯ್ತು ಎಂದು ಬೈಯುತ್ತಿದ್ದಳು. ಅವರು ಕಾದರು.

ಕಾದದ್ದು ಸಾರ್ಥಕವಾಯಿತು. ಒಂದು ಬೆಳಿಗ್ಗೆ ಅಣ್ಣ ತಂದಿಟ್ಟುಹೋದ ಸೂಜಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ಮೊನೆಯ ಒಂದು ಮೂಲೆ ಉಗುರು ಮುರಿದ ಹಾಗೆ ಮುರಿದಿರುವುದು ಕಂಡಿತು. ಡಾಕ್ಟರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅನುಮಾನವೇ ಇಲ್ಲ. ಅಣ್ಣನ ಮನೆಯಲ್ಲಿ ಗೋಡೆ ತುಂಬ ರೆಕಾರ್ಡು. ದಿನಕ್ಕೆ ಹತ್ತು ಹನ್ನೆರಡು ಕೇಳುವ ಚಪಲ ಬೇರೆ. ಈ ಸೂಜಿ ಒಂದೊಂದನ್ನೂ ಕೆರೆದು ಮೂಲೆಗೆ ಹಾಕುತ್ತದೆ, ಅದೂ ಅಣ್ಣನ ಕೈಯಿಂದಲೇ.

ಒಂದೇ ಒಂದು ಅಳುಕಿತ್ತು. ಅಮ್ಮನ ರೆಕಾರ್ಡೂ ಆ ಮನೆಯಲ್ಲೇ ಇದೆ. ಆದರೆ ರೆಕಾರ್ಡು ಕೂಡಿಡುವವರ ಬುದ್ಧಿ ಡಾಕ್ಟರಿಗೆ ಗೊತ್ತಿಲ್ಲದ್ದೇ? ಸಾಧಾರಣದ್ದನ್ನು ಕೇಳುತ್ತಾರೆ, ಅಪರೂಪದ್ದನ್ನು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟು ಕಾಯುತ್ತಾರೆ. ದರ್ಜಿ ತನ್ನ ಅತಿ ಅಪರೂಪದ ರೆಕಾರ್ಡನ್ನು ಇಪ್ಪತ್ತು ವರ್ಷದಿಂದ ಒಮ್ಮೆಯೂ ಹಾಕಿಲ್ಲ. ಇನ್ನು ಕದ್ದ ಮಾಲು! ಅದನ್ನು ಯಾವ ಕಳ್ಳ ತಾನೆ ಹೊರಗೆ ತೆಗೆದಾನು? ಅಮ್ಮ ಬೀರುವಿನಲ್ಲಿ ಭದ್ರವಾಗಿದ್ದಾಳೆ ಎಂದು ಲೆಕ್ಕ ಹಾಕಿ ಡಾಕ್ಟರು ಪೆನ್ನು ತೆಗೆದರು. ತಾರೀಖು ಹಾಕಿದರು. ಚೆನ್ನಾಗಿದೆ ಎಂದು ಬರೆದು ಸಹಿ ಮಾಡಿದರು. ಅವತ್ತು ಮಧ್ಯಾಹ್ನ ಎರಡು ಸಲ ಅನ್ನ ಬಡಿಸಿಕೊಂಡದ್ದನ್ನು ಕಂಡು ಹೆಂಡತಿ, ಏನು ಸಮಾಚಾರ ಎಂದು ಕೇಳಿದಳು.

ಆಮೇಲಿನ ವಾರಗಳು ಡಾಕ್ಟರಿಗೆ ಹಬ್ಬ. ಅಣ್ಣನ ಮನೆಯಲ್ಲಿ ಇವತ್ತು ಯಾವ ಗಾಯಕನ ಗಂಟಲು ಕಟ್ಟಿತೋ, ಯಾವ ಪಿಟೀಲು ಹಾಳಾಯಿತೋ ಎಂದು ಊಹಿಸುತ್ತ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದರು. ಏಳನೇ ವಾರ, ಇನ್ನೂ ತನ್ನ ಸರದಿ ಬರುವ ಮೊದಲೇ, ಅಣ್ಣ ಕೂಟದಲ್ಲಿ ತಲೆ ತಗ್ಗಿಸಿಕೊಂಡು ಬಾಯಿಬಿಟ್ಟ. ಈಚೆಗೆ ಯಾವ ಹಾಡು ಹಾಕಿದರೂ ಅನ್ನದಲ್ಲಿ ಮರಳು ಸಿಕ್ಕ ಹಾಗೆ ಆಗುತ್ತಿದೆಯಂತೆ. ಸೂಜಿ ನೋಡ್ಕೊಂಡ್ರಾ ಎಂದು ದರ್ಜಿ ಕೇಳಿದ. ಅಣ್ಣ ಜೇಬಿನಿಂದ ಡಾಕ್ಟರ ಚೀಟಿ ತೆಗೆದು ತೋರಿಸಿದ. ಚೀಟಿ ಕೈಯಿಂದ ಕೈಗೆ ಹೋಗಿ ಎಲ್ಲರ ತಲೆಯೂ ಅಲ್ಲಾಡಿತು. ಸೂಜಿಯದಂತೂ ತಪ್ಪಿಲ್ಲ.

ಹನ್ನೊಂದು ವರ್ಷದಿಂದ ನಾಲಿಗೆಯ ತುದಿಯಲ್ಲಿ ಕೂತಿದ್ದ ಮಾತನ್ನು ಡಾಕ್ಟರು ನಿಧಾನವಾಗಿ ಆಡಿದರು.

"ವಯಸ್ಸಾಯ್ತು ನಿಮಗೆ. ಕಿವಿ ಹೋಗಿದೆ."

ಅಂದು ಡಾಕ್ಟರನ್ನು ನೋಡಿ ನಕ್ಕಿದ್ದ ಅದೇ ಆರು ಜನ ಈಗಲೂ ನಕ್ಕರು. ಅಣ್ಣ ನಗಲಿಲ್ಲ. ಮರುವಾರದಿಂದ ಅವನು ಕೂಟಕ್ಕೆ ಬರುವುದನ್ನೇ ನಿಲ್ಲಿಸಿದ. ಡಾಕ್ಟರ ಎದೆಯ ಕೆಂಡ ತಣ್ಣಗಾಯಿತು.

ಆರು ತಿಂಗಳು ತುಂಬಿದ ವಾರ, ಬೆಳಗಿನ ಜನವೆಲ್ಲ ರಕ್ತ ಕೊಟ್ಟು ಹೋದ ಮೇಲೆ, ಅಣ್ಣ ಲ್ಯಾಬಿಗೆ ಬಂದ. ರಕ್ತ ಕೊಡುವವರ ಕುರ್ಚಿಯಲ್ಲಿ ಕೂತ. ಕಂಕುಳಲ್ಲಿ ಹಳೆಯ ದಿಂಬಿನ ಚೀಲದಲ್ಲಿ ಸುತ್ತಿದ ಏನೋ ಚಪ್ಪಟೆಯ ವಸ್ತುವಿತ್ತು. ಅದನ್ನು ಮೇಜಿನ ಮೇಲೆ ಇಟ್ಟ.

"ಕದ್ದಿದ್ದು ನಾನೇ," ಎಂದ. "ನಿನಗೆ ಗೊತ್ತಿರೋದೇ. ಈಗ ಬಾಯಿಬಿಟ್ಟು ಹೇಳ್ತಿದೀನಿ."

ಡಾಕ್ಟರು ಚೀಲದಿಂದ ತಟ್ಟೆಯನ್ನು ಹೊರಗೆಳೆದು ಬೆಳಕಿಗೆ ಓರೆಯಾಗಿ ಹಿಡಿದು ಖಾಲಿ ಜಾಗದ ಸಂಖ್ಯೆ ನೋಡಿದರು. ಕೊನೆಯಲ್ಲಿ ಒಂದು.

ಅಣ್ಣ ನೆಲ ನೋಡಿಕೊಂಡು ಮಾತಾಡಿದ. ಕೂಡಿಡುವುದಕ್ಕೆಂದು ಕದ್ದದ್ದಲ್ಲವಂತೆ. ನಿನಗೆ ಅಮ್ಮ ಅಂತ ಕರೆಯೋಕೆ ಹಕ್ಕಿತ್ತು, ನನಗೆ ಅವಳು ಚಿಕ್ಕಮ್ಮ, ಅವಳ ಫೋಟೋ ಕೇಳೋಕೂ ನಾಚಿಕೆ ಎಂದ. ಹನ್ನೊಂದು ವರ್ಷ ಅವಳ ಹುಟ್ಟುಹಬ್ಬಕ್ಕೆ ಮಾತ್ರ ಒಂದು ಸಲ ಹಾಕಿ ಕೇಳಿ ಎತ್ತಿಡುತ್ತಿದ್ದನಂತೆ. ಕಿವಿ ಹೋಗಿದೆ ಎಂದು ಡಾಕ್ಟರು ಹೇಳಿದ ಮೇಲೆ ಮನೆಗೆ ಹೋಗಿ ಅದನ್ನೇ ತೆಗೆದ. ಪ್ರಪಂಚದಲ್ಲಿ ಅವನಿಗೆ ಚೆನ್ನಾಗಿ ಗೊತ್ತಿರುವ ಧ್ವನಿ ಅದೊಂದೇ ಆದ್ದರಿಂದ, ಕಿವಿ ಎಷ್ಟು ಉಳಿದಿದೆ ಎಂದು ಅದರಿಂದಲೇ ಪರೀಕ್ಷೆ ಮಾಡಿಕೊಳ್ಳತೊಡಗಿದ.

"ದಿನಾ ಬೆಳಿಗ್ಗೆ ಆ ಜಾಗಕ್ಕೇ ಸೂಜಿ ಇಟ್ಟು ಕೇಳ್ತಿದ್ದೆ. ಮೂರು ಸಲ, ನಾಕು ಸಲ. ಮೊದಲು ಉಸಿರು ಕೇಳಿಸೋದು ನಿಂತೋಯ್ತು. ಆಮೇಲೆ ಮೇಲಿನ ಸ್ವರ. ಹೋದ ವಾರದಿಂದ ಏನೂ ಇಲ್ಲ. ಕಿವಿ ಡಾಕ್ಟರ ಹತ್ರ ಹೋದೆ, ಸರಿಯಾಗೇ ಇದೆ ಅಂದ್ರು. ಅವರಿಗೇನು ಗೊತ್ತು ಹಾಡು. ಸೂಜಿ ಕೆಟ್ಟಿದ್ರೆ ನೀನು ಹೇಳ್ದೆ ಇರ್ತಿದ್ಯಾ? ನನಗೆ ಕೇಳಿಸದೆ ಇರೋದು ನನ್ನ ಮನೇಲಿ ಯಾಕಿರಬೇಕು. ನಿನಗಾದ್ರೂ ಕೇಳಲಿ."

ಡಾಕ್ಟರ ಪ್ಲೇಯರು ಪಕ್ಕದ ಕೋಣೆಯಲ್ಲೇ ಇತ್ತು. ಅದರ ಸೂಜಿ ಹೊಸದು. ರೆಕಾರ್ಡು ಹಾಕಿದರು. ಮೊದಲ ಚರಣ ಮರಳಿನೊಳಗಿಂದ ಬಂತು, ಎರಡನೆಯದೂ ಬಂತು. ಆಮೇಲೆ ಹನ್ನೆರಡು ಸೆಕೆಂಡು ಬರೀ ಕರಕರ. ಉಸಿರಿಲ್ಲ, ಸ್ವರವಿಲ್ಲ. ಉಳಿದ ಹಾಡು ಗಾಯವಾಗಿತ್ತು; ಆ ಜಾಗ ಮಾತ್ರ ಸತ್ತುಹೋಗಿತ್ತು. ಅಣ್ಣ ಕಿವಿಗೆ ಕೈ ಅಡ್ಡವಿಟ್ಟುಕೊಂಡು ಡಾಕ್ಟರ ಮುಖವನ್ನೇ ನೋಡುತ್ತಿದ್ದ.

"ಕೇಳಿಸ್ತಾ?"

ನಿಜ ಹೇಳಿದ್ದರೆ ಅಣ್ಣನಿಗೆ ಆ ಕ್ಷಣವೇ ಕಿವಿ ವಾಪಸ್ಸು ಸಿಗುತ್ತಿತ್ತು. ಇಬ್ಬರೂ ಕೂತು ಅಳಬಹುದಿತ್ತು. ಅವಳ ಧ್ವನಿ ಹೇಗಿತ್ತು ಎಂದು ಬಲ್ಲವರು ಉಳಿದಿದ್ದದ್ದು ಇವರಿಬ್ಬರೇ. ಆದರೆ ಹೇಳಲು ಮನಸ್ಸು ಬರಲಿಲ್ಲ. ಕದ್ದವನು ಇವನು, ಕೆಡಿಸಿದವನೂ ಇವನೇ ಎಂದು ಎಷ್ಟು ಹೇಳಿಕೊಂಡರೂ ಚೆನ್ನಾಗಿದೆ ಎಂದು ಬರೆದ ಚೀಟಿಯಲ್ಲಿ ತಮ್ಮದೇ ಸಹಿ ಕಣ್ಣಿಗೆ ಕಟ್ಟುತ್ತಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಅಣ್ಣ ಕಿವುಡನಾಗಿಯೇ ಇರಲಿ ಎನ್ನಿಸಿತು.

"ಕೇಳಿಸ್ತು," ಎಂದರು. "ಚೆನ್ನಾಗಿದೆ."

"ಉಸಿರು?"

"ಅದೂ ಇದೆ."

ಅಣ್ಣ ತಲೆಯಾಡಿಸಿದ. ಕಣ್ಣು ಒರೆಸಿಕೊಂಡು ನಕ್ಕ. ಹಾಗಾದರೆ ಚಿಕ್ಕಮ್ಮ ಕ್ಷೇಮ, ಹೋಗಿದ್ದು ನನ್ನ ಕಿವಿ ಮಾತ್ರ ಎಂದು ಸಮಾಧಾನ ಮಾಡಿಕೊಂಡ. ಹೊರಡುವಾಗ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಸೂಜಿ ಇನ್ನು ತನಗೆ ಬೇಡವಂತೆ, ಪರೀಕ್ಷೆ ಮಾಡಿ ದರ್ಜಿಗೆ ಕೊಡಬೇಕಂತೆ. ಮೆಟ್ಟಿಲಿಳಿಯುವ ಸದ್ದು ಮುಗಿಯುವವರೆಗೂ ಡಾಕ್ಟರು ನಿಂತೇ ಇದ್ದರು.

ಆಮೇಲೆ ಅಭ್ಯಾಸಬಲದಿಂದ ಸೂಜಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರು. ಮುರಿದ ಮೂಲೆ ಹಾಗೇ ಇತ್ತು. ಈಗ ಅದರೊಳಗೆ ಕಪ್ಪು ಪುಡಿ ಮೆತ್ತಿಕೊಂಡಿತ್ತು, ಆರು ತಿಂಗಳು ಎಲ್ಲ ಹಾಡುಗಳಿಂದ ಕೆರೆದು ಬಂದ ಪುಡಿ. ಬದಲಿಸಿ ಎಂದು ಬರೆಯಲು ಚೀಟಿ ತೆಗೆದರು, ಬರೆಯಲಿಲ್ಲ. ಪುಡಿಯನ್ನು ಹತ್ತಿಯಿಂದ ಒರೆಸಲು ಹೋದ ಕೈಯನ್ನೂ ಹಿಂದಕ್ಕೆಳೆದುಕೊಂಡರು. ಒಂದು ತೊಟ್ಟು ರಕ್ತ ನೋಡಿ ಯಾರಿಗೆ ಏನಾಗಿದೆಯೆಂದು ಹೇಳುತ್ತಿದ್ದ ಮನುಷ್ಯ, ಆ ಪುಡಿಯಲ್ಲಿ ಯಾವ ಕಣ ಅಮ್ಮನದು ಎಂದು ತಿಳಿಯದೆ, ಮಧ್ಯಾಹ್ನ ಹೆಂಡತಿ ಊಟಕ್ಕೆ ಕರೆಯುವವರೆಗೂ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ.