ಮುರುಗೇಶಪ್ಪನ ಸೈಕಲ್ ದೀಪ

ನ್ಯಾಮತಿಯ ಹಿಟ್ಟಿನ ಗಿರಣಿಯಲ್ಲಿ ಮೂವತ್ತೆರಡು ವರ್ಷ ನಿಂತು ದುಡಿದ ಮುರುಗೇಶಪ್ಪನಿಗೆ ಕಿವಿ ಮಂದವಾಗಿ ಮೂರು ವರ್ಷವಾಗಿತ್ತು. ವಿಷಯ ಗೊತ್ತಿದ್ದದ್ದು ಅವನೊಬ್ಬನಿಗೇ. ಗಿರಣಿಯ ಗದ್ದಲದಲ್ಲಿ ಹೇಗೂ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಕೈಸನ್ನೆಯಲ್ಲೇ ವ್ಯವಹಾರ. ಮನೆಯಲ್ಲಿ ಹೆಂಡತಿ ಕಲ್ಲಮ್ಮ ಕರೆದಾಗ ಓಗೊಡದಿದ್ದರೆ, ಗಂಡಸಿನ ಜಂಬ ಎಂದು ಗೊಣಗಿಕೊಂಡು ಅವಳೇ ಎದ್ದು ಬರುತ್ತಿದ್ದಳು. ಜಂಬಗಾರ ಎನಿಸಿಕೊಂಡರೂ ಚಿಂತೆಯಿಲ್ಲ, ಕಿವುಡ ಎನಿಸಿಕೊಳ್ಳುವುದು ಬೇಡ ಎಂದು ಈ ಪುಣ್ಯಾತ್ಮ ಸುಮ್ಮನಿದ್ದ. ಗೊತ್ತಾದರೆ ಅವಳು ಮೊದಲು ಬಿಡಿಸುವುದು ಸೈಕಲ್ಲನ್ನೇ. ತನ್ನೂರು ಗೋವಿನಕೋವಿಯಿಂದ ಗಿರಣಿಗೆ ಬಸ್ಸು ಕಾಯುತ್ತಾ ನಿಲ್ಲುವ ಬಾಳು ಅವನಿಗೆ ಬೇಡವಾಗಿತ್ತು.

ಹಾಗಂತ ಭಯವಿರಲಿಲ್ಲ ಎಂದಲ್ಲ. ಮುಸ್ಸಂಜೆ ಮನೆಗೆ ಬರುವಾಗ, ಪಕ್ಕದಲ್ಲಿ ಗಾಳಿ ಬಡಿದ ಮೇಲೆಯೇ ಲಾರಿ ಬಂದದ್ದು ತಿಳಿಯುತ್ತಿತ್ತು. ಹಾರನ್ ತನಗೆ ಕೇಳದಿದ್ದರೆ ಹೋಗಲಿ, ತಾನಾದರೂ ಅವರ ಕಣ್ಣಿಗೆ ಬೀಳಬೇಕು ಎಂದುಕೊಂಡ.

ಮೂಲೆ ಸೇರಿದ್ದ, ಬೆಳೆಗೆ ಔಷಧಿ ಹೊಡೆಯುವ ಪಂಪಿನಿಂದ ಬ್ಯಾಟರಿ ಬಿಚ್ಚಿದ. ಟ್ರ್ಯಾಕ್ಟರ್ ಟ್ರೇಲರಿಗೆ ಹಾಕುವ ಎರಡು ಕೆಂಪು ಎಲ್‌ಇಡಿ ದೀಪ ತಂದು, ಬಿಸ್ಕತ್ತು ಡಬ್ಬಿಯ ಮುಚ್ಚಳಕ್ಕೆ ಕೂರಿಸಿ, ಕ್ಯಾರಿಯರ್ ಹಿಂದೆ ಬೋಲ್ಟು ಬಿಗಿದ. ಬ್ಯಾಟರಿಯನ್ನು ಹಳೇ ಟ್ಯೂಬಿನ ರಬ್ಬರಿನಲ್ಲಿ ಕ್ಯಾರಿಯರಿಗೆ ಕಟ್ಟಿದ. ಮೊದಲ ಸಲ ಸ್ವಿಚ್ಚು ಒತ್ತಿದಾಗ ಎದುರುಮನೆಯ ಗೋಡೆಯೆಲ್ಲ ಕೆಂಪಾಗಿ, ಆ ಮನೆಯ ಹನುಮಂತಮ್ಮ ಒಲೆ ಬಿಟ್ಟು ಹೊರಗೆ ಓಡಿಬಂದಳು.

“ಸೈಕಲ್ಲಿಗೆ ಇಷ್ಟು ದೊಡ್ಡ ದೀಪ ಯಾಕ್ರೀ?” ಕಲ್ಲಮ್ಮ ಎದುರಿಗೇ ನಿಂತು ಕೇಳಿದಳು.

“ಕುಡಿದು ಗಾಡಿ ಓಡಿಸೋರು ಜಾಸ್ತಿ ಆಗ್ಯಾರೆ. ಅವರಿಗೆ ಕಾಣಬೇಕಲ್ಲ,” ಎಂದು ಜಾರಿಕೊಂಡ.

ಮರುವಾರ ಒಂದು ಸಂಜೆ ದಾರಿಯಲ್ಲಿ ಒಂದು ಆಟೋ ಅವನಿಂದ ಸಾಕಷ್ಟು ದೂರ ಸರಿದು ಮುಂದೆ ಹೋಯಿತು. ದೀಪ ಕೆಲಸ ಮಾಡುತ್ತಿದೆ ಎಂದು ಹಿಗ್ಗಿದ. ಮನೆಗೆ ಬಂದರೆ, ಕಣ್ಣಿನ ಔಷಧಿ ತರಲು ನ್ಯಾಮತಿಗೆ ಹೋಗಿದ್ದ ಕಲ್ಲಮ್ಮ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು.

“ರಂಗನಾಥನ ಆಟೋದಾಗೆ ಬಂದೆ,” ಎಂದಳು. “ನಿಮ್ಮ ದೀಪ ಭಾಳ ದೂರದಿಂದ ಕಾಣ್ತು.”

ಅವನ ಮುಖ ಅರಳಿತು.

“ಅವನು ಹಾರನ್ ಹೊಡೆದ. ನಾನು ತಲೆ ಹೊರಗೆ ಹಾಕಿ ಮೂರು ಸಲ ಕೂಗಿದೆ. ನೀವು ತಿರುಗಿ ನೋಡ್ಲೇ ಇಲ್ಲ.”

ಎಂದಿನಂತೆ ಬಿಗುಮಾನದ ಮುಖ ಮಾಡಲು ನೋಡಿದ, ಆಗಲಿಲ್ಲ. ಸ್ಟ್ಯಾಂಡ್ ಹಾಕುವ ನೆಪದಲ್ಲಿ ಬಗ್ಗಿ, “ನನಗೆ ಕಿವಿ ಕೇಳ್ಸಲ್ಲ ಕಲ್ಲಿ. ಮೂರು ವರ್ಷ ಆತು,” ಎಂದ.

ಕಲ್ಲಮ್ಮನಿಗೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ಮೆಟ್ಟಿಲಿಳಿದು ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದಳು. ಹೋಯಿತು ಸೈಕಲ್ಲು ಎಂದುಕೊಂಡ ಮುರುಗೇಶಪ್ಪ.

“ನಾಳೆ ಇಲ್ಲಿಗೊಂದು ಕನ್ನಡಿ ಹಾಕಿಸ್ರಿ,” ಎಂದಳು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ. “ಅವರಿಗೆ ನೀವು ಕಂಡ್ರೆ ಸಾಕಾಗಲ್ಲ, ನಿಮಗೂ ಅವರು ಕಾಣಬೇಕು.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾನು ಇನ್ಮೇಲೆ ಎದುರಿಗೆ ಬಂದೇ ಮಾತಾಡ್ತೀನಿ.”